ಹನ್ನೆರಡು ದಿನದ ಫ್ರಾನ್ಸು: ಒಂದು ಎಕ್ಸೆಲ್ ಶೀಟಿನ ವಿಮರ್ಶೆ

ಕನ್ನಡಿಗರು ಈಗ ಅತಿ ಹೆಚ್ಚು ಬರೆಯುತ್ತಿರುವ ಪ್ರವಾಸ ಸಾಹಿತ್ಯ ಯಾವುದು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಎಕ್ಸೆಲ್ ಶೀಟು. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ಜನವರಿ, ಫೆಬ್ರವರಿ ಹೊತ್ತಿಗೆ ಕೂತು ನೋಡಿ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಒಂದೇ ಲ್ಯಾಪ್‌ಟಾಪಿನ ಮುಂದೆ ತಲೆಗೆ ತಲೆ ಕೊಟ್ಟು ಕೂತಿರುತ್ತಾರೆ. ರಿಲೀಸ್ ಪ್ಲಾನ್ ಇರಬೇಕು ಅಂದುಕೊಂಡು ಹತ್ತಿರ ಹೋದರೆ ಅದು ಮೇ ತಿಂಗಳ ಯುರೋಪು. ಮೊದಲ ಕಾಲಮ್ಮಿನಲ್ಲಿ ದಿನ, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ನೋಡುವ ಜಾಗ, ನಾಲ್ಕನೆಯದರಲ್ಲಿ ಯೂರೋ. ಕೆಳಗೆ ಹಳದಿ ಬಣ್ಣದ ಸಾಲಿನಲ್ಲಿ ಒಟ್ಟು ಮೊತ್ತ.

ನಾವೂ ಬರುವ ಮೇ ತಿಂಗಳಲ್ಲಿ ಫ್ರಾನ್ಸಿಗೆ ಹೋಗುವ ಯೋಚನೆಯಲ್ಲಿದ್ದೇವೆ. ಹೀಗಾಗಿ ಹೋಗಿಬಂದ ನಾಲ್ಕು ಗೆಳೆಯರು ತಮ್ಮ ತಮ್ಮ ಶೀಟು ಕಳಿಸಿಕೊಟ್ಟರು. ನಾಲ್ಕನ್ನೂ ಒಂದೇ ಭಾನುವಾರ ಕೂತು, ಕಾದಂಬರಿ ಓದಿದ ಹಾಗೆ ಓದಿದೆ. ಓದಿದ್ದಕ್ಕೆ ವಿಮರ್ಶೆ ಬರೆಯುವುದು ನಮ್ಮ ಪದ್ಧತಿ ತಾನೇ? ಇದು ಅದು. ನಮ್ಮ ವಯಸ್ಸಿನವರು ಎರಡು ವರ್ಷ ಕೂಡಿಟ್ಟ ದುಡ್ಡು, ಬೇಡಿ ಪಡೆದ ರಜೆ, ಇಡೀ ಒಂದು ಆಸೆ, ಎಲ್ಲವೂ ಈ ಬರಹದಲ್ಲಿ ಕೂತಿರುತ್ತದೆ. ಅಷ್ಟು ಭಾರ ಹೊತ್ತ ಬರಹವನ್ನು ಯಾರೂ ಬರಹ ಅಂತ ಓದುವುದೇ ಇಲ್ಲ ಅನ್ನುವುದು ನನ್ನ ತಕರಾರು.

ಮೊದಲು ಕಥಾವಸ್ತು. ನಾಲ್ಕೂ ಶೀಟುಗಳ ಕಥೆ ಹೆಚ್ಚುಕಡಿಮೆ ಒಂದೇ. ಒಂದನೇ ದಿನ ಪ್ಯಾರಿಸ್ಸಿನಲ್ಲಿ ಇಳಿಯುವುದು, ಸಂಜೆ ಐಫೆಲ್ ಗೋಪುರ. ಎರಡನೇ ದಿನ ಲೂವ್ರ್ ಮ್ಯೂಸಿಯಂ, ಸೇನ್ ನದಿಯ ದೋಣಿ. ಮೂರನೇ ದಿನ ವರ್ಸೈ ಅರಮನೆ. ನಾಲ್ಕಕ್ಕೆ ಡಿಸ್ನಿಲ್ಯಾಂಡ್. ಆಮೇಲೆ ಟಿಜಿವಿ ರೈಲು ಹತ್ತಿ ದಕ್ಷಿಣಕ್ಕೆ, ನೀಸ್ ಊರಿನ ಕಡಲ ದಂಡೆಗೆ. ಅಲ್ಲಿಂದ ಒಂದು ದಿನ ಮೊನಾಕೊ. ಇಬ್ಬರ ಶೀಟು ಎಂಟನೇ ದಿನಕ್ಕೆ ಸ್ವಿಟ್ಜರ್ಲೆಂಡಿಗೆ ಜಿಗಿಯುತ್ತದೆ, ಯಾಕೆಂದರೆ ಅಷ್ಟು ದೂರ ಹೋಗಿ ಹಿಮ ನೋಡದೆ ಬಂದರೆ ಮನೆಯವರು ಏನಂದಾರು! ಮಂಗಳವಾರ ಲೂವ್ರ್ ರಜೆ, ಸೋಮವಾರ ಓರ್ಸೇ ಮ್ಯೂಸಿಯಂ ರಜೆ ಅನ್ನುವುದನ್ನೆಲ್ಲ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ಕಸುಬುದಾರಿಕೆಗೆ ನೂರಕ್ಕೆ ತೊಂಬತ್ತು ಅಂಕ ಕೊಡಬಹುದು. ಡಿಪೆಂಡೆನ್ಸಿ ಎಲ್ಲ ಸರಿಯಾಗಿದೆ, ಬಫರ್ ಇದೆ, ಮಳೆ ಬಂದರೆ ಪ್ಲಾನ್ ಬಿ ಕೂಡ ಇದೆ.

ಇನ್ನು ಪಾತ್ರಗಳು. ಇಲ್ಲಿ ಸ್ವಲ್ಪ ನಿಂತೆ. ನಾಲ್ಕು ಶೀಟು, ಒಟ್ಟು ನಲವತ್ತೆಂಟು ದಿನ, ಒಬ್ಬ ಮನುಷ್ಯನ ಹೆಸರೂ ಇಲ್ಲ. ಗೋಪುರಗಳಿವೆ, ಸೇತುವೆಗಳಿವೆ, ಮೋನಾಲಿಸಾ ಇದ್ದಾಳೆ. ಬದುಕಿರುವವರು ಯಾರೂ ಇಲ್ಲ. ಫ್ರಾನ್ಸಿನಲ್ಲಿ ಆರೂವರೆ ಕೋಟಿಗಿಂತ ಹೆಚ್ಚು ಜನ ಇದ್ದಾರೆ ಅನ್ನುವ ಸುಳಿವು ಈ ಬರಹದಿಂದ ಸಿಗುವುದು ಒಂದೇ ಕಡೆ: ‘ಇಲ್ಲಿ ಕ್ಯೂ ಜಾಸ್ತಿ’ ಅನ್ನುವ ಟಿಪ್ಪಣಿಯಲ್ಲಿ.

ಯಾಕೆ ಹೀಗೆ? ಯಾವ ಬರಹವನ್ನೇ ಆಗಲಿ ಅದರ ಓದುಗ ಯಾರು ಅಂತ ಕೇಳಿದರೆ ಅರ್ಧ ಗುಟ್ಟು ಹೊರಬೀಳುತ್ತದೆ. ಈ ಶೀಟಿನ ಮೊದಲ ಓದುಗ ಹೆಂಡತಿಯಲ್ಲ, ಗಂಡನಲ್ಲ, ವೀಸಾ ಅಧಿಕಾರಿ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಗೊತ್ತು. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದಕ್ಕೆ ಪುರಾವೆ ಬೇಕು. ಹೋಗುವ, ಬರುವ ಟಿಕೆಟ್ಟಿನ ಕಾಯ್ದಿರಿಸುವಿಕೆ ಬೇಕು. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ‘ಈತನಿಗೆ ರಜೆ ಕೊಟ್ಟಿದ್ದೇವೆ, ವಾಪಸ್ ಬಂದು ಕೆಲಸಕ್ಕೆ ಸೇರುತ್ತಾನೆ’ ಅನ್ನುವ ಆಫೀಸಿನ ಪತ್ರ. ಹೆಚ್ಚು ದಿನ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶದ ಕಡೆಯಿಂದಲೇ ವೀಸಾ ಕೇಳಬೇಕು, ಆದ್ದರಿಂದ ಸ್ವಿಟ್ಜರ್ಲೆಂಡಿಗೆ ಎಷ್ಟು ರಾತ್ರಿ, ಫ್ರಾನ್ಸಿಗೆ ಎಷ್ಟು ರಾತ್ರಿ ಅನ್ನುವ ಲೆಕ್ಕವೂ ಕಾನೂನಿನ ಲೆಕ್ಕ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ನಮ್ಮ ದುಡ್ಡಿನಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ 9 ಸಾವಿರ. ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ.

ಇಂಥ ಓದುಗನಿಗೆ ಬರೆಯುವ ಬರಹದಲ್ಲಿ ಅನುಮಾನ ಇರುವ ಹಾಗಿಲ್ಲ. ‘ಒಂಬತ್ತನೇ ದಿನ ಏನು ಮಾಡುತ್ತೇವೋ ಗೊತ್ತಿಲ್ಲ’ ಅಂತ ಬರೆದರೆ ಆಯಿತು ಕಥೆ. ಹಾಗಾಗಿ ನಾವು ನಡೆದೇ ಇಲ್ಲದ ಹನ್ನೆರಡು ದಿನವನ್ನು ನಡೆದುಹೋದ ಹಾಗೆ, ನಿಮಿಷ ಸಮೇತ ಬರೆಯುತ್ತೇವೆ. ನಾವು ಕಳ್ಳರಲ್ಲ, ಬಡವರಲ್ಲ, ಉಳಿದುಬಿಡುವವರಲ್ಲ ಅಂತ ಸಾಬೀತು ಮಾಡುವುದು ಈ ಸಾಹಿತ್ಯ ಪ್ರಕಾರದ ಮೂಲ ಉದ್ದೇಶ.

‘ಪ್ಲಾನೆಲ್ಲ ಬೇಡ, ಸುಮ್ಮನೆ ಹೊರಟುಬಿಡಿ, ಅಲೆಯಿರಿ, ಕಳೆದುಹೋಗಿ’ ಅಂತ ಉಪದೇಶ ಮಾಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕಳೆದುಹೋಗುವುದಕ್ಕೂ ಒಂದು ಪಾಸ್‌ಪೋರ್ಟ್ ಬೇಕು ಸ್ವಾಮಿ. ಅಪ್ಪ, ತಾತನ ಕಾಲದಿಂದ ವಿಮಾನ ಹತ್ತಿದ ಮನೆಯವರಿಗೆ ಅಲೆಯುವುದು ಸುಲಭ. ಮನೆಯಲ್ಲಿ ಮೊದಲ ಸಲ ಸಮುದ್ರ ದಾಟುವವನು, ಇಬ್ಬರಿಗೆ ಐದು ಲಕ್ಷ ಖರ್ಚು ಮಾಡುವಾಗ ಊರಿನಲ್ಲಿ ಅದು ಒಂದು ಬೋರ್‌ವೆಲ್ಲು, ಪಂಪು, ಎರಡು ಹಸು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುವವನು, ನಿಮಿಷದ ಲೆಕ್ಕ ಬರೆದರೆ ಅದನ್ನು ಅರಸಿಕತನ ಅನ್ನಬೇಡಿ. ಶೀಟು ಇರಲಿ. ಅದರ ಓದುಗ ವೀಸಾ ಅಧಿಕಾರಿ ಒಬ್ಬನೇ ಆಗಿ ಉಳಿಯುತ್ತಾನೆ, ಅವನಿಗೆ ಬರೆದದ್ದನ್ನೇ ನಾವೂ ನಂಬಿಬಿಡುತ್ತೇವೆ, ಅಲ್ಲಿದೆ ತೊಂದರೆ.

ಒಂದು ತಮಾಷೆ ನೋಡಿ. ಷೆಂಗೆನ್ ಅನ್ನುವುದು ಲಕ್ಸೆಂಬರ್ಗ್ ದೇಶದ ಒಂದು ಪುಟ್ಟ ಹಳ್ಳಿ, ಮೋಸೆಲ್ ನದಿಯ ದಡದಲ್ಲಿದೆ. 1985ರ ಜೂನ್ 14ರಂದು ಐದು ದೇಶದವರು ಆ ಹಳ್ಳಿಯ ಹತ್ತಿರ ನದಿಯ ಮೇಲೆ ಒಂದು ದೋಣಿಯಲ್ಲಿ ಕೂತು ಗಡಿಯ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಗೊರೂರಿನ ಹಾಗೇ ಹೊಳೆ ದಂಡೆಯ ಹಳ್ಳಿ. ಅದರ ಹೆಸರನ್ನು ಈಗ ಹಾಸನ ಜಿಲ್ಲೆಯ ಹುಡುಗರು ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಅದು ಊರಿನ ಹೆಸರು ಅಂತ ಗೊತ್ತಿಲ್ಲದೆ.

ಎರಡನೇ ತಕರಾರು, ನಕಲು. ನಾಲ್ಕು ಶೀಟಿನಲ್ಲಿ ಮೂರರಲ್ಲಿ ಒಂದೇ ಟಿಪ್ಪಣಿ, ಒಂದೇ ಕಾಗುಣಿತ ತಪ್ಪಿನ ಸಮೇತ ಇದೆ. ಯಾರೋ ಬರೆದದ್ದನ್ನು ಇನ್ಯಾರೋ ಇಳಿಸಿಕೊಂಡು, ಅದನ್ನು ಮತ್ತೊಬ್ಬರು ಇಳಿಸಿಕೊಂಡಿದ್ದಾರೆ. ಬೈಯುವುದಕ್ಕೆ ಹೋಗುವುದಿಲ್ಲ. ಪ್ರವಾಸ ಬರಹದಲ್ಲಿ ನಕಲಿಗೆ ದೊಡ್ಡ ಇತಿಹಾಸವೇ ಇದೆ, ಅದರ ಒಂದು ತುದಿ ನಮ್ಮ ಮೈಸೂರು ಸೀಮೆಗೇ ಬಂದು ಮುಟ್ಟುತ್ತದೆ. ಅಬ್ಬೆ ದುಬಾಯ್ ಅನ್ನುವ ಫ್ರೆಂಚ್ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, 1823ರಲ್ಲಿ ದೇಶ ಬಿಡುವವರೆಗೂ ಇಲ್ಲಿಯವರ ಹಾಗೇ ಬಟ್ಟೆ ಹಾಕಿಕೊಂಡು, ಇಲ್ಲಿಯದೇ ಊಟ ಮಾಡಿಕೊಂಡು ಇದ್ದರು. ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ಸುತ್ತಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆಯುತ್ತಿದ್ದರಂತೆ. ಹಿಂದೂಗಳ ನಡೆನುಡಿ, ಆಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಯುರೋಪಿನವರು ನಮ್ಮನ್ನು ನೋಡಿದ್ದು ಎಷ್ಟೋ ಕಾಲ ಆ ಪುಸ್ತಕದ ಕಣ್ಣಿನಿಂದ.

ಆಮೇಲೆ ಏನಾಯಿತು? 1980ರ ದಶಕದಲ್ಲಿ ಸಿಲ್ವಿಯಾ ಮುರ್ ಅನ್ನುವ ಫ್ರೆಂಚ್ ವಿದ್ವಾಂಸೆ ಹಳೆಯ ಕಾಗದ ಕೆದಕಿ, ಆ ಪುಸ್ತಕದ ದೊಡ್ಡ ಭಾಗ ದುಬಾಯ್‌ಗಿಂತ ಮುಂಚೆ ಇದ್ದ ಕೂರ್ದೂ ಅನ್ನುವ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಬರಹದ ಮೇಲೆ ನಿಂತಿದೆ ಅಂತ ತೋರಿಸಿಕೊಟ್ಟರು. ಮೂವತ್ತು ವರ್ಷ ನಮ್ಮ ನಡುವೆ ಬದುಕಿದ ಮನುಷ್ಯ, ಕಣ್ಣಾರೆ ಕಂಡದ್ದು ಎಷ್ಟು ಬೇಕಾದರೂ ಇದ್ದಾಗ, ಹಳೆಯ ಕಡತದಿಂದ ಇಳಿಸಿಕೊಂಡ! ಹನ್ನೆರಡು ದಿನಕ್ಕೆ ಹೋಗುವ ನಮ್ಮವರು ಇಳಿಸಿಕೊಂಡರೆ ಏನು ದೊಡ್ಡ ಮಾತು? ಆದರೆ ಇಬ್ಬರಿಗೂ ಆಗುವ ನಷ್ಟ ಒಂದೇ. ಮೊದಲೇ ಯಾರೋ ಬರೆದದ್ದನ್ನು ಕೈಯಲ್ಲಿ ಹಿಡಿದು ನೋಡಿದರೆ, ಅದರಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾದರೆ ಚೆನ್ನಾಗಿ ನೋಡಿದವರು ಯಾರು? ಕನ್ನಡದಲ್ಲಿ ಅಂಥವರ ಸಾಲೇ ಇದೆ. ವಿ. ಸೀತಾರಾಮಯ್ಯ ‘ಪಂಪಾಯಾತ್ರೆ’ ಬರೆಯಲು ಹೋದದ್ದು ಹಂಪೆಗೆ, ಅಂದರೆ ಒಂದು ರಾತ್ರಿಯ ದಾರಿ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹಡಗಿನಲ್ಲಿ ಹೋದಾಗ ದಾರಿಯೇ ಅವರಿಗೆ ‘ಸಮುದ್ರಗೀತೆಗಳು’ ಆಯಿತು. ನಮ್ಮ ಶೀಟಿನಲ್ಲಿ ಅದೇ ದಾರಿಗೆ ‘ಟ್ರಾನ್ಸಿಟ್, 3 ಗಂಟೆ’ ಅಂತ ಒಂದು ಸಾಲು. ಕಾರಂತರು 1950ರ ದಶಕದಲ್ಲಿ ಯುರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ನೃತ್ಯ, ಚಿತ್ರ, ಯಕ್ಷಗಾನ ಎಲ್ಲಕ್ಕೂ ಕೈ ಹಾಕಿದ್ದ ಮನುಷ್ಯ ಅಲ್ಲಿಯ ಕಲೆಯ ಮುಂದೆ ನಿಲ್ಲುವಾಗ ತನ್ನದೇ ಪ್ರಶ್ನೆ ಇಟ್ಟುಕೊಂಡು ನಿಲ್ಲುತ್ತಾರೆ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ನೇಮಿಚಂದ್ರ ಪೆರು ದೇಶಕ್ಕೆ ಹೋಗಿಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದರು. ಇಂಜಿನಿಯರುಗಳಿಗೆ ಪಟ್ಟಿ ಮಾಡುವುದು ಬಿಟ್ಟರೆ ಬೇರೆ ಬರಹ ಬರುವುದಿಲ್ಲ ಅನ್ನುವವರಿಗೆ ಇದೊಂದು ಪುಸ್ತಕ ಸಾಕು.

ನಮ್ಮೂರಿನವರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು 1904ರಲ್ಲಿ. 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಬರೆದರು, ಆಮೇಲೆ ‘ನಮ್ಮ ಊರಿನ ರಸಿಕರು’. ಹೇಮಾವತಿ ಹೊಳೆ, ಸಂತೆ, ಬಸ್ಸು, ಊರಿನ ಜನ, ಇಷ್ಟರಲ್ಲೇ ಅರ್ಧ ಶತಮಾನ ಬರೆದವರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿಬಂದು ಬರೆದ ಪುಸ್ತಕ ‘ಅಮೆರಿಕಾದಲ್ಲಿ ಗೊರೂರು’. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆ ಶೀರ್ಷಿಕೆಯನ್ನು ಇನ್ನೊಂದು ಸಲ ಓದಿ. ಗೊರೂರು ಅನ್ನುವ ಲೇಖಕ ಅಮೆರಿಕಕ್ಕೆ ಹೋದ ಅನ್ನುವುದು ಒಂದು ಅರ್ಥ. ಗೊರೂರು ಅನ್ನುವ ಊರೇ ಅಮೆರಿಕಕ್ಕೆ ಹೋಯಿತು ಅನ್ನುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಆತ ಅಲ್ಲಿ ಯಾವುದನ್ನು ನೋಡಿದರೂ ನೋಡುವವನ ಹಿಂದೆ ಒಂದು ಊರು ನಿಂತಿರುತ್ತದೆ, ಅದರ ತೂಕ, ಅಳತೆ, ನಗು ಎಲ್ಲ ಜೊತೆಗಿರುತ್ತದೆ. ನಮ್ಮ ಶೀಟುಗಳಿಗೆ ಶೀರ್ಷಿಕೆ ಕೊಟ್ಟು ನೋಡಿ. ‘ಫ್ರಾನ್ಸ್ ಟ್ರಿಪ್ ಫೈನಲ್ ವಿ3’. ಇದರಲ್ಲಿ ಫ್ರಾನ್ಸು ಇದೆ, ಹೋದವರು ಎಲ್ಲಿಯವರು ಅನ್ನುವುದಿಲ್ಲ. ಅರಕಲಗೂಡಿನವನು ಬರೆದರೂ ಅದೇ, ಅಹಮದಾಬಾದಿನವನು ಬರೆದರೂ ಅದೇ.

ಹಳೆಯವರನ್ನು ಹೊಗಳಿ ಹೊಸಬರನ್ನು ಬೈಯುವ ಸುಲಭದ ದಾರಿಗೂ ನಾನು ಹೋಗುವುದಿಲ್ಲ. ಕನ್ನಡ ಪ್ರವಾಸ ಕಥನಕ್ಕೆ ಒಂದು ಚಟ ಇದೆ, ಹೋಲಿಕೆಯ ಚಟ. ಅಲ್ಲಿ ರಸ್ತೆ ಇಷ್ಟು ಚೆಂದ, ನಮ್ಮಲ್ಲಿ ಹೀಗೆ. ಅಲ್ಲಿ ಮುದುಕರು ಒಂಟಿ, ನಮ್ಮಲ್ಲಿ ಕೂಡುಕುಟುಂಬ. ಇಂಥ ಸಾಲುಗಳನ್ನು ಎಷ್ಟು ಪುಸ್ತಕದಲ್ಲಿ ಓದಿಲ್ಲ! ಒಂದು ಪುಟದಲ್ಲಿ ನಿಟ್ಟುಸಿರು, ಮುಂದಿನ ಪುಟದಲ್ಲಿ ಜಂಬ. ಜೊತೆಗೆ, ಆ ಕಾಲಕ್ಕೆ ಹೋದವರಲ್ಲಿ ಬಹುಪಾಲು ಓದಿದ ಗಂಡಸರು. ಅಡಿಗೆಮನೆಯಿಂದ, ಹಟ್ಟಿಯಿಂದ ಹೊರಟವರು ಕಂಡ ಯುರೋಪು ಹೇಗಿರುತ್ತಿತ್ತು ಅನ್ನುವ ಪುಸ್ತಕ ನಮ್ಮ ಕೈಗೆ ಬಂದಿಲ್ಲ. ಆ ಲೆಕ್ಕದಲ್ಲಿ ಈಗಿನವರಿಗೆ ಒಂದು ಅಂಕ ಹೆಚ್ಚು ಕೊಡಬೇಕು. ಡಾ. ಬ್ರೋ ಅಂತ ಹೆಸರಾದ ಗಗನ್ ಶ್ರೀನಿವಾಸ್ ವಿಡಿಯೋಗಳನ್ನು ನಮ್ಮ ಊರಿನ ಹೆಂಗಸರು ಹಾಲು ಡೈರಿಗೆ ಹಾಕಿಬಂದು ಕೂತು ನೋಡುತ್ತಾರೆ. ‘ನಮಸ್ಕಾರ ದೇವ್ರು’ ಅಂತ ಶುರು ಮಾಡುವ ಹುಡುಗ ಯಾವ ದೇಶಕ್ಕೆ ಹೋದರೂ ಅಂಗಡಿಯವನನ್ನು ಮಾತಾಡಿಸುತ್ತಾನೆ, ದಾರಿಯಲ್ಲಿ ಸಿಕ್ಕವರ ಜೊತೆ ನಗುತ್ತಾನೆ. ಗೊರೂರರ ಹಳ್ಳಿಗಣ್ಣು ಈ ಕಾಲದಲ್ಲಿ ಎಲ್ಲಾದರೂ ಉಳಿದಿದ್ದರೆ ಶೀಟಿಗಿಂತ ಆ ಮೊಬೈಲ್ ಪರದೆಯಲ್ಲಿ ಹೆಚ್ಚು ಉಳಿದಿದೆ.

ನನ್ನ ಅವ್ವ ಕೂಡ ಆ ವಿಡಿಯೋ ನೋಡುವವಳೇ. ಧರ್ಮಸ್ಥಳ, ಸುಬ್ರಹ್ಮಣ್ಯ, ತಿರುಪತಿ, ಮೇಲುಕೋಟೆ ವೈರಮುಡಿ, ಅವಳ ಪ್ರವಾಸದ ಪಟ್ಟಿ ಅಷ್ಟು. ಫ್ರಾನ್ಸಿನ ವಿಷಯ ಫೋನಿನಲ್ಲಿ ಹೇಳಿದಾಗ ಅವಳು ಖರ್ಚು ಕೇಳಲಿಲ್ಲ.

“ಅಲ್ಲಿ ಯಾರವ್ರೆ?” ಅಂದಳು.

“ಯಾರೂ ಇಲ್ಲ ಕಣವ್ವ. ನೋಡ್ಕೊಂಡು ಬರಾಣ ಅಂತ.”

“ಯಾರೂ ಇಲ್ದಿರೋ ಊರಲ್ಲಿ ಹನ್ನೆರಡು ದಿನ ಏನ್ ಮಾಡೀರ್ಲಾ?”

ನಾಲ್ಕು ಶೀಟಿನ ಮೇಲೆ ನಾನು ಇಷ್ಟು ಉದ್ದ ಬರೆದದ್ದನ್ನು ಅವಳು ಒಂದು ಸಾಲಿನಲ್ಲಿ ಹೇಳಿದ್ದಾಳೆ. ನಮ್ಮ ಕಡೆ ಊರಿಗೆ ಹೋಗುವುದು ಅಂದರೆ ಯಾರದೋ ಮನೆಗೆ ಹೋಗುವುದು. ದೇವಸ್ಥಾನಕ್ಕೆ ಹೋದರೂ ದೇವರು ಅನ್ನುವ ಒಬ್ಬ ಪರಿಚಯದವನು ಇರುತ್ತಾನೆ. ಯಾರೂ ಇಲ್ಲದ ಕಡೆಗೆ, ನೋಡುವುದಕ್ಕೆ ಅಂತಲೇ ಹೋಗುವುದು ನಮ್ಮ ಮನೆಗಳಲ್ಲಿ ನಮ್ಮ ತಲೆಮಾರು ಶುರು ಮಾಡಿದ ಕೆಲಸ. ಅದರ ವ್ಯಾಕರಣ ಇನ್ನೂ ನಮಗೆ ಕುದುರಿಲ್ಲ. ಅದಕ್ಕೇ ಬೇರೆಯವರ ಶೀಟು ಇಳಿಸಿಕೊಳ್ಳುತ್ತೇವೆ.

ಈ ನೋಡುವ ಕೆಲಸ ಎದುರುಗಡೆಯಿಂದ ಹೇಗೆ ಕಾಣುತ್ತದೆ ಅನ್ನುವುದು ಗೊರೂರಿನ ಸುತ್ತಿನವರಿಗೆ ಚೆನ್ನಾಗಿ ಗೊತ್ತು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಪೂರ್ತಿ ಮಟ್ಟ 2,922 ಅಡಿ, ಸಾಮರ್ಥ್ಯ 37 ಟಿಎಂಸಿ. ಪ್ರತಿ ಆಷಾಢದಲ್ಲೂ ಪೇಪರಿನಲ್ಲಿ ಬರುವ ಈ ಎರಡು ಅಂಕಿ ನಮಗೆ ಬಾಯಿಪಾಠ. ಹಿನ್ನೀರಿನಲ್ಲಿ ಹಲವು ಹಳ್ಳಿ ಹೋದವು. ನಮ್ಮ ತಾತನ ಗದ್ದೆಯೂ ಹೋಯಿತು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು ಅಂತ ಹೇಳುವ ರೋಸರಿ ಚರ್ಚು ಇತ್ತು. ಜನ ಬೇರೆ ಕಡೆಗೆ ಎದ್ದು ಹೋದರು, ಚರ್ಚು ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಎದ್ದು ನಿಲ್ಲುತ್ತದೆ, ಸುತ್ತ ದನ ಮೇಯುತ್ತವೆ. ಚಾವಣಿ ಇಲ್ಲ. ಗೋಡೆ ವರ್ಷ ವರ್ಷ ಸವೆಯುತ್ತಿದೆ.

ಈಗ ಅದು ‘ಮುಳುಗುವ ಚರ್ಚ್’. ಶನಿವಾರ, ಭಾನುವಾರ ಬೆಂಗಳೂರಿನ ಕಾರು, ಬೈಕು. ಡ್ರೋನು ಹಾರುತ್ತದೆ, ಮದುವೆಗೆ ಮುಂಚಿನ ಫೋಟೋ ಶೂಟು ನಡೆಯುತ್ತದೆ. ಅವರ ಶೀಟಿನಲ್ಲೂ ಒಂದು ಸಾಲು ಇರುತ್ತದೆ: ‘ಶೆಟ್ಟಿಹಳ್ಳಿ, 45 ನಿಮಿಷ, ಆಮೇಲೆ ಬೇಲೂರು’. ಆ ನಲವತ್ತೈದು ನಿಮಿಷದಲ್ಲಿ ಇಲ್ಲಿ ಯಾರಿದ್ದರು, ಎಲ್ಲಿಗೆ ಹೋದರು, ಈಗ ಅವರ ಪೂಜೆ ಎಲ್ಲಿ ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅಂತ ಅವರಿಗೆ ಹೊಳೆಯದಿರುವುದಕ್ಕೆ ಅವರು ಕೆಟ್ಟವರು ಅಂತಲ್ಲ. ಶೀಟಿನಲ್ಲಿ ಆ ಕಾಲಮ್ಮೇ ಇಲ್ಲ. ಬೇರೆಯವರ ಪಟ್ಟಿಯಲ್ಲಿ ಒಂದು ಸಾಲಾಗಿ ಇರುವುದು ಹೇಗಿರುತ್ತದೆ ಅಂತ ಬಲ್ಲ ನಾವು, ಪ್ಯಾರಿಸ್ಸಿಗೆ ಹೋಗಿ ಅದನ್ನೇ ಮಾಡಿದರೆ ಹೇಗೆ?

ಅಲ್ಲಿಯವರಿಗೂ ಸಾಕಾಗಿದೆ. ಲೂವ್ರ್ ಮ್ಯೂಸಿಯಂಗೆ 2024ರಲ್ಲಿ ಹತ್ತಿರ ಹತ್ತಿರ 87 ಲಕ್ಷ ಜನ ಬಂದಿದ್ದರು. 2025ರ ಜೂನ್ 16ರಂದು ಅಲ್ಲಿಯ ನೌಕರರು ಈ ಜನಜಾತ್ರೆ ತಡೆಯಲಾರದೆ ಕೆಲಸ ನಿಲ್ಲಿಸಿ ಕೂತರು, ಟಿಕೆಟ್ ಕೈಯಲ್ಲಿ ಹಿಡಿದ ಸಾವಿರಾರು ಜನ ಗಾಜಿನ ಪಿರಮಿಡ್ಡಿನ ಹೊರಗೆ ಗಂಟೆಗಟ್ಟಲೆ ಕಾದರು. ಆ ದಿನದ ಎಷ್ಟು ಶೀಟಿನಲ್ಲಿ ಎಷ್ಟು ಸಾಲು ಕೆಂಪಾಯಿತೋ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ ನಮ್ಮ ಆಫೀಸಿನವರೆಲ್ಲ ಫೋನಿನಲ್ಲಿ ನೋಡುತ್ತಾ ಅಯ್ಯೋ ಅಂದರು. ಐದೂವರೆ ವರ್ಷದಲ್ಲಿ ಫ್ರೆಂಚರು ಅದನ್ನು ಮತ್ತೆ ಕಟ್ಟಿ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ನಾಲ್ಕೂ ಶೀಟಿನಲ್ಲಿ ಅದಿದೆ, ನಮ್ಮದರಲ್ಲೂ ಇರುತ್ತದೆ. ನೋಡಬೇಕಾದ್ದೇ. ಆದರೆ ಅದೇ ಫ್ರೆಂಚರ ಕಡೆಯವರು ಕಟ್ಟಿಸಿದ ಇನ್ನೊಂದು ಕಮಾನಿನ ಚರ್ಚು ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಪ್ರತಿ ವರ್ಷ ನೀರಿಗೆ ಇಳಿದು ಎದ್ದು, ಒಂದೊಂದೇ ಕಲ್ಲು ಕಳಚಿಕೊಳ್ಳುತ್ತಿದೆ. ಅದರ ಹಾಳು ಚೆಂದವಾಗಿದೆ ಅಂತ ಫೋಟೋ ತೆಗೆಯುತ್ತೇವೆ. ಒಂದು ಚರ್ಚಿನ ಹಾಳು ದುರಂತ, ಇನ್ನೊಂದರ ಹಾಳು ಬ್ಯಾಕ್‌ಗ್ರೌಂಡು. ಈ ವ್ಯತ್ಯಾಸ ಕಲ್ಲಿನಲ್ಲಿಲ್ಲ, ನಮ್ಮ ಶೀಟಿನಲ್ಲಿದೆ.

ಟೀಕೆ ಮಾಡಿದ ಮೇಲೆ ಬದಲಿಗೆ ಏನು ಅಂತ ಹೇಳದಿದ್ದರೆ ಅದು ಕೋಡ್ ರಿವ್ಯೂನಲ್ಲಿ ‘ಚೆನ್ನಾಗಿಲ್ಲ’ ಅಂತ ಬರೆದು ಎದ್ದು ಹೋದ ಹಾಗೆ. ಹಾಗಾಗಿ ನಮ್ಮ ಶೀಟಿನ ಬಗ್ಗೆ ಹೇಳಿಬಿಡುತ್ತೇನೆ. ಎರಡು ಕಾಲಮ್ಮು ಸೇರಿಸಿದ್ದೇವೆ. ಒಂದರ ತಲೆಬರಹ ‘ಯಾರು’, ಇನ್ನೊಂದರದ್ದು ‘ನಮ್ಮೂರು’. ಪ್ರತಿ ದಿನದ ಎದುರಿಗೂ ತುಂಬಬೇಕಿಲ್ಲ. ಆದರೆ ಖಾಲಿ ಇದ್ದರೆ ಕಣ್ಣಿಗೆ ಕಾಣುತ್ತದೆ.

ಈ ಎರಡು ಕಾಲಮ್ಮಿಗಾಗಿ ಹುಡುಕಲು ಶುರು ಮಾಡಿದ ಮೇಲೆ ಶೀಟಿನ ದಾರಿಯೇ ಬದಲಾಯಿತು. ಪ್ಯಾರಿಸ್ಸಿನಲ್ಲಿ ರೂ ದ್ಯು ಬಾಕ್ ಅನ್ನುವ ಬೀದಿ ಇದೆ. ಅಲ್ಲಿ ವಿದೇಶಗಳಿಗೆ ಪಾದ್ರಿಗಳನ್ನು ಕಳಿಸುತ್ತಿದ್ದ ಮಿಷನ್ ಸಂಸ್ಥೆಯ ಹಳೆಯ ಮನೆ ಈಗಲೂ ಇದೆ. ಮೈಸೂರು ಸೀಮೆಯ ಮಿಷನ್ ನೋಡಿಕೊಂಡದ್ದು ಅದೇ ಸಂಸ್ಥೆ. ಅಬ್ಬೆ ದುಬಾಯ್ ವಾಪಸ್ ಹೋದ ಮೇಲೆ ಅದೇ ಸಂಸ್ಥೆಯಲ್ಲಿ ಹಿರಿಯರಾಗಿದ್ದು, ಪಂಚತಂತ್ರವನ್ನು ಫ್ರೆಂಚಿಗೆ ತಂದು, 1848ರಲ್ಲಿ ತೀರಿಕೊಂಡರು. ಎರಡನೇ ದಿನ ಮಧ್ಯಾಹ್ನ ಅಲ್ಲಿಗೆ. ಐಫೆಲ್ಲಿನಿಂದ ದೂರವೇನಲ್ಲ.

ಇನ್ನೊಂದು ಸಿಕ್ಕಿದ್ದು ಆಲ್ಪ್ಸ್ ಬೆಟ್ಟಗಳ ಕಡೆ. ದ್ಯುರಾನ್ಸ್ ನದಿಗೆ ಸೇರ್ ಪೋನ್ಸೋನ್ ಅನ್ನುವಲ್ಲಿ ಫ್ರೆಂಚರು ಒಂದು ದೊಡ್ಡ ಮಣ್ಣಿನ ಅಣೆಕಟ್ಟು ಕಟ್ಟಿದ್ದಾರೆ. ಕೆಲಸ ನಡೆದದ್ದು 1950ರ ದಶಕದ ಕೊನೆಗೆ. ಅದರ ಹಿನ್ನೀರಿನಲ್ಲಿ ಸಾವಿನ್, ಯುಬಾಯ್ ಅನ್ನುವ ಎರಡು ಊರು ಮುಳುಗಿದವು. ಸಾವಿನ್ ಜನ ಮೇಲೆ ದಂಡೆಯಲ್ಲಿ ಹೊಸ ಊರು ಕಟ್ಟಿಕೊಂಡು ಅದಕ್ಕೆ ಸಾವಿನ್ ಲೆ ಲಾಕ್, ಅಂದರೆ ಕೆರೆಯ ಸಾವಿನ್, ಅಂತ ಹೆಸರಿಟ್ಟುಕೊಂಡರು. ಆ ನೀರಿನ ನಡುವೆ ಒಂದು ಗುಡ್ಡದ ತುದಿ ಮಾತ್ರ ಉಳಿದಿದೆ, ಅದರ ಮೇಲೆ ಸಂತ ಮಿಕಾಯೇಲನ ಪುಟ್ಟ ಚಾಪೆಲ್. ನೀರು ಇಳಿದಾಗ ನಡೆದೇ ಹೋಗಬಹುದಂತೆ. ಆ ಮುಳುಗಡೆಯ ಮೇಲೆ ‘ಲೋ ವೀವ್’ ಅಂತ 1958ರಲ್ಲಿ ಒಂದು ಸಿನಿಮಾ ಬಂತು, ಬರೆದದ್ದು ಜಾನ್ ಜಿಯೊನೊ ಅನ್ನುವ ಕಾದಂಬರಿಕಾರ. ನಮ್ಮಲ್ಲಿ ಶರಾವತಿಯ ಮುಳುಗಡೆ ಬಗ್ಗೆ ನಾ. ಡಿಸೋಜ ಬರೆದಿಲ್ಲವೇ, ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿಲ್ಲವೇ, ಹಾಗೆ.

ಪ್ಯಾರಿಸ್ಸಿನಿಂದ ಆ ಕಡೆಗೆ ರಾತ್ರಿ ರೈಲು ಇದೆ. ಡಿಸ್ನಿಲ್ಯಾಂಡ್, ಮೊನಾಕೊ ಎರಡನ್ನೂ ತೆಗೆದು ಹಾಕಿ, ಆ ದುಡ್ಡಿನಲ್ಲಿ ಮೂರು ರಾತ್ರಿ ಅಲ್ಲಿ ಅಂತ ಬರೆದಿದ್ದೇವೆ. ವೀಸಾ ಅಧಿಕಾರಿಗೆ ಬೇಕಾದ ಹೋಟೆಲ್ ಚೀಟಿ ಅಲ್ಲಿಯದ್ದೂ ಸಿಗುತ್ತದೆ, ಅವನಿಗೇನೂ ಮೋಸವಿಲ್ಲ. ನೀಸ್ ಊರಿನ ಸಮುದ್ರ ಹೆಂಡತಿಯ ಆಸೆ, ಅದು ಹಾಗೇ ಇದೆ. ಹಿಮ ಬೇಕು ಅನ್ನುವವರಿಗೆ ಆ ಬೆಟ್ಟಗಳಲ್ಲೇ ಸಿಗುತ್ತದೆ. ಸ್ವಿಟ್ಜರ್ಲೆಂಡು ಇನ್ನೊಂದು ವರ್ಷಕ್ಕೆ.

ಆ ಊರಿನಲ್ಲಿ ಎಪ್ಪತ್ತೈದು ದಾಟಿದ ಯಾರಾದರೂ ಸಿಕ್ಕರೆ, ಹಳೆಯ ಸಾವಿನ್ ಎಲ್ಲಿತ್ತು ಅಂತ ಕೈ ತೋರಿಸಿ ಹೇಳಬಲ್ಲರು. ನಮ್ಮ ಫ್ರೆಂಚು ನಮಸ್ಕಾರ, ಥ್ಯಾಂಕ್ಸಿಗೆ ನಿಲ್ಲುತ್ತದೆ, ಉಳಿದದ್ದಕ್ಕೆ ಮೊಬೈಲಿನ ಅನುವಾದಕ. ಅದರ ಜೊತೆಗೆ ಫೋನಿನಲ್ಲಿ ಶೆಟ್ಟಿಹಳ್ಳಿಯ ಎರಡು ಫೋಟೋ ಇಟ್ಟುಕೊಂಡಿದ್ದೇನೆ, ಆಗಸ್ಟಿನದ್ದೊಂದು, ಏಪ್ರಿಲ್ಲಿನದ್ದೊಂದು. ಮುಳುಗಿದ ಊರಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗುವುದಿಲ್ಲ ಅನ್ನುವುದು ನನ್ನ ನಂಬಿಕೆ.

‘ಯಾರು’ ಕಾಲಮ್ಮಿನಲ್ಲಿ ಆ ಮೂರು ದಿನದ ಎದುರಿಗೆ ಸದ್ಯಕ್ಕೆ ‘ಸಾವಿನ್‌ನ ಹಳಬರು, ಹೆಸರು ಗೊತ್ತಿಲ್ಲ’ ಅಂತ ಇದೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ, ಅಲ್ಲಿ ನಮ್ಮ ಹಾಗೇ ಡ್ಯಾಮಿಗೆ ಊರು ಬಿಟ್ಟೋರು ಅವ್ರೆ ಕಣವ್ವ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ್ಗೆ ಪರಿಹಾರ ಎಷ್ಟು ಕೊಟ್ರಂತೆ, ಕೇಳ್ಕೊಂಡು ಬಾ” ಅಂದಳು. ಅದನ್ನೂ ಒಂದು ಸಾಲಾಗಿ ಸೇರಿಸಿದ್ದೇನೆ.